ಆಟಿಸಂ ಸಂಶೋಧನೆಯ ಪಟ್ಟಿಯಲ್ಲಿ ಯಾರ ಮಕ್ಕಳಿಲ್ಲ?

ಮಾತು, ಒಡನಾಟ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ ಆಟಿಸಂ. ಇದು ಸಿರಿವಂತರ ಮನೆ ಮಕ್ಕಳಲ್ಲಿ ಜಾಸ್ತಿಯೋ, ಬಡವರ ಮನೆ ಮಕ್ಕಳಲ್ಲಿ ಜಾಸ್ತಿಯೋ? ಈ ಪ್ರಶ್ನೆಗೆ ಅಮೆರಿಕದಲ್ಲಿ ಒಂದು ಉತ್ತರ ಸಿಕ್ಕಿತು. ಸ್ವೀಡನ್‌ನಲ್ಲಿ ಅದಕ್ಕೆ ತದ್ವಿರುದ್ಧವಾದ ಉತ್ತರ ಸಿಕ್ಕಿತು. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಓದು ಮತ್ತು ವರಮಾನ ಹೆಚ್ಚಿರುವ ಕಡೆಗಳಲ್ಲಿ ಆಟಿಸಂ ಇರುವ ಮಕ್ಕಳು ಜಾಸ್ತಿ ಎಂದು ಹೇಳಿತು. ವರಮಾನ ಏರಿದ ಹಾಗೆ ಸಂಖ್ಯೆಯೂ ಏರುತ್ತಿತ್ತು. ಎರಡು ವರ್ಷ ಕಳೆದು ಸ್ಟಾಕ್‌ಹೋಮ್‌ನ ಅಧ್ಯಯನ ಬಂತು. ಅಲ್ಲಿ ವರಮಾನ ಕಡಿಮೆ ಇರುವ, ಮೈಮುರಿದು ದುಡಿಯುವ ಅಪ್ಪ ಅಮ್ಮಂದಿರ ಮಕ್ಕಳಲ್ಲೇ ಆಟಿಸಂ ಹೆಚ್ಚಾಗಿ ಕಂಡಿತ್ತು.

ಸ್ವೀಡನ್‌ನಲ್ಲಿ ಎಲ್ಲ ಮಕ್ಕಳ ಬೆಳವಣಿಗೆಯನ್ನೂ ಸರ್ಕಾರದ ವತಿಯಿಂದ ಉಚಿತವಾಗಿ ನೋಡುತ್ತಾರೆ. ಮಗು ಮಾತು ಕಲಿಯುವುದು ತಡವಾದರೆ, ಕೂಗಿದರೂ ತಿರುಗದಿದ್ದರೆ, ಅದು ಯಾರ ಮನೆಯ ಮಗುವಾದರೂ ಒಬ್ಬ ನರ್ಸ್ ಕಣ್ಣಿಗೆ ಬೀಳುತ್ತದೆ. ಅಮೆರಿಕದಲ್ಲಿ ಅದಕ್ಕೆ ವಿಮೆ ಬೇಕು, ರಜೆ ಬೇಕು, ಸರಿಯಾದ ಡಾಕ್ಟರು ಯಾರು ಅಂತ ಗೊತ್ತಿರಬೇಕು. ಎರಡು ಅಧ್ಯಯನಗಳ ಉತ್ತರ ಹೀಗೆ ತಿರುಗುಮುರುಗಾಗಲು ಇದೇ ದೊಡ್ಡ ಕಾರಣ ಅನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ಅಂಕಿಅಂಶ ತುಂಬಾ ವರ್ಷ ಅಳೆದದ್ದು ಯಾರಿಗೆ ಆಟಿಸಂ ಇದೆ ಎಂಬುದಕ್ಕಿಂತ ಹೆಚ್ಚಾಗಿ, ಯಾರು ತಜ್ಞರವರೆಗೆ ತಲುಪಬಲ್ಲರು ಎಂಬುದನ್ನು.

ಸಂಶೋಧನೆಯ ಸಮಸ್ಯೆಯೂ ಇಲ್ಲಿಂದಲೇ ಶುರು. ಆಟಿಸಂ ಬಗೆಗಿನ ಅಧ್ಯಯನಕ್ಕೆ ಸೇರಬೇಕಾದರೆ, ಆಟಿಸಂ ಇದೆ ಎಂದು ತಜ್ಞರು ಬರೆದುಕೊಟ್ಟ ಕಾಗದ ಸಾಮಾನ್ಯವಾಗಿ ಮೊದಲೇ ಕೈಯಲ್ಲಿರಬೇಕು. ಕಾಗದ ಸಿಗದವರು ಅಧ್ಯಯನಕ್ಕೆ ಸೇರುವುದಿಲ್ಲ. ಅವರು ಸೇರದ್ದರಿಂದ, ಆಟಿಸಂ ಗುರುತಿಸುವ ಪರೀಕ್ಷೆಗಳು ಬೇರೆಯವರ ಮಕ್ಕಳನ್ನು ನೋಡಿಯೇ ತಯಾರಾಗುತ್ತವೆ. ಆ ಪರೀಕ್ಷೆಗಳು ಇವರ ಮಕ್ಕಳಿಗೆ ಸರಿಹೊಂದದೆ ಕಾಗದ ಸಿಗುವುದು ಇನ್ನೂ ತಡವಾಗುತ್ತದೆ. ಒಂದು ಕೊರತೆಯೇ ಇನ್ನೊಂದಕ್ಕೆ ಕಾರಣವಾಗುತ್ತಾ ಹೋಗುತ್ತದೆ.

ಇದು ಮೊದಲ ದಿನದಿಂದಲೂ ಇರುವ ಕಥೆ. 1943ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಇವತ್ತಿನ ಆಟಿಸಂ ಅಧ್ಯಯನಕ್ಕೆ ಅಡಿಪಾಯ ಹಾಕಿದ ಲೇಖನ ಅದು. ಆ ಮಕ್ಕಳ ಅಪ್ಪಂದಿರಲ್ಲಿ ನಾಲ್ವರು ಸ್ವತಃ ಮನೋವೈದ್ಯರು. 11 ತಾಯಂದಿರಲ್ಲಿ 9 ಮಂದಿ ಕಾಲೇಜು ಮುಗಿಸಿದವರು, ಅದೂ ಆ ಕಾಲದಲ್ಲಿ. ಮೂರು ಕುಟುಂಬ ಬಿಟ್ಟರೆ ಉಳಿದೆಲ್ಲ ಕುಟುಂಬಗಳ ಹೆಸರು ಅಮೆರಿಕದ ಗಣ್ಯರ ಅಥವಾ ವಿಜ್ಞಾನಿಗಳ ಪರಿಚಯ ಕೋಶಗಳಲ್ಲಿತ್ತು. ಮೊದಲ ಮಗು ಡೊನಾಲ್ಡ್‌ನ ಅಪ್ಪ ಮಿಸಿಸಿಪ್ಪಿಯ ವಕೀಲರು. ಮಗನನ್ನು ಕರೆತರುವ ಮುಂಚೆ ಅವರು ಕ್ಯಾನರ್‌ಗೆ 33 ಪುಟದ ಪತ್ರ ಟೈಪ್ ಮಾಡಿಸಿ ಕಳಿಸಿದ್ದರು. ಮಗ ಯಾವಾಗ ಏನು ಮಾಡಿದ, ಏನು ಹೇಳಿದ ಎಂಬ ವಿವರ ಅದರಲ್ಲಿತ್ತು. ಪ್ರೀತಿಯಿಂದ ಬರೆದ ಪತ್ರ ಅದು. ಆದರೆ ಅಷ್ಟು ಬರೆಯುವ ಓದು, ಬರೆಸುವ ಅನುಕೂಲ, ದೂರದ ದೊಡ್ಡಾಸ್ಪತ್ರೆಗೆ ಹೋಗುವ ದುಡ್ಡು ಎಷ್ಟು ಮನೆಯಲ್ಲಿತ್ತು?

ಈ 11 ಮನೆಗಳನ್ನು ನೋಡಿ ಕ್ಯಾನರ್ ಒಂದು ವಿಷಯ ಗುರುತು ಹಾಕಿಕೊಂಡರು. ಈ ತಂದೆ ತಾಯಿಯರು ಬುದ್ಧಿವಂತರು, ಆದರೆ ಇವರಲ್ಲಿ ಆಪ್ಯಾಯತೆ ಕಡಿಮೆ ಅಂತ. ಮುಂದೆ ಇದೇ ಮಾತು ಬೆಳೆದು, ತಾಯಿಯ ಪ್ರೀತಿ ಸಾಲದೆ ಮಗುವಿಗೆ ಆಟಿಸಂ ಬರುತ್ತದೆ ಎಂಬ ಸಿದ್ಧಾಂತವಾಯಿತು. ಷಿಕಾಗೋ ವಿಶ್ವವಿದ್ಯಾಲಯದ ಪ್ರೊಫೆಸರ್ ಬ್ರೂನೋ ಬೆಟಲ್‌ಹೈಮ್ 1960ರ ದಶಕದಲ್ಲಿ ಅದನ್ನು ಊರೆಲ್ಲ ಹರಡಿದರು. ಎಷ್ಟೋ ತಾಯಂದಿರು ಮಾಡದ ತಪ್ಪಿಗೆ ದಶಕಗಟ್ಟಲೆ ಕಣ್ಣೀರು ಹಾಕಿದರು. ಈ ಸುಳ್ಳಿಗೆ ಕಾರಣ ಹಲವು. ಒಂದೇ ಥರದ ಮನೆಗಳನ್ನು ನೋಡಿ ಇಡೀ ಸ್ಥಿತಿಯ ಚಿತ್ರ ಬರೆದದ್ದು ಅದರಲ್ಲಿ ಒಂದು. ಕಾರ್ಖಾನೆ ಕಾರ್ಮಿಕರ, ಹೊಲದಲ್ಲಿ ದುಡಿಯುವವರ ಮಕ್ಕಳೂ ಆ 11ರಲ್ಲಿ ಇದ್ದಿದ್ದರೆ, ಓದಿದ ತಾಯಿಯೇ ಕಾರಣ ಎಂಬ ಅನುಮಾನಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ.

ಇದನ್ನು ಬಿಡಿಸಿ ಹೇಳಿದವರು ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್. ಅವರಿಗೂ ಆಟಿಸಂ ಇರುವ ಮಗಳಿದ್ದಳು. ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದಲ್ಲಿ, ಆಸ್ಪತ್ರೆಗೆ ಬಂದವರನ್ನಷ್ಟೇ ನೋಡದೆ, ಅಲ್ಲಿನ ಮಕ್ಕಳಲ್ಲೇ ಹುಡುಕಿಕೊಂಡು ಹೋಗಿ ಲೆಕ್ಕ ತೆಗೆದರು. ಹಾಗೆ ನೋಡಿದಾಗ ಮೇಲ್ವರ್ಗ, ಕೆಳವರ್ಗ ಅನ್ನುವ ವ್ಯತ್ಯಾಸವೇ ಇರಲಿಲ್ಲ. ಆದರೆ ವಿಶೇಷ ಕ್ಲಿನಿಕ್‌ಗೆ ಬಂದವರಲ್ಲಿ, ಪೋಷಕರ ಸಂಘ ಸೇರಿದವರಲ್ಲಿ ಮೇಲ್ವರ್ಗದ ಅಪ್ಪಂದಿರೇ ಎದ್ದು ಕಾಣುತ್ತಿದ್ದರು. 1980ರಲ್ಲೇ ಅವರು ಇದನ್ನು ಪ್ರಕಟಿಸಿದರು. ನಾಲ್ಕು ದಶಕಗಳ ಮೇಲಾಯಿತು. ನನಗೆ ಬೇಸರ ಬರುವುದು ಇಲ್ಲಿ. ಗೊತ್ತಿಲ್ಲದೆ ಆದ ತಪ್ಪು ಬೇರೆ, ಗೊತ್ತಿದ್ದೂ ಮುಂದುವರಿದದ್ದು ಬೇರೆ.

ಕಾಗದ ಸಿಗುವುದು ಎಷ್ಟು ತಡ ಆಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಚೆನ್ನಾಗಿ ದಾಖಲೆ ಇದೆ. ಡೇವಿಡ್ ಮ್ಯಾಂಡೆಲ್ ಮತ್ತು ಸಂಗಡಿಗರು 2002ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ದಾಖಲೆ ನೋಡಿದರು. ಎಲ್ಲರೂ ಬಡವರಿಗಾಗಿ ಇರುವ ಸರ್ಕಾರಿ ವಿಮೆ, ಮೆಡಿಕೇಡ್‌ನಲ್ಲಿದ್ದವರೇ. ಆದರೂ ಬಿಳಿಯ ಮಕ್ಕಳಿಗೆ ಸರಾಸರಿ 6.3 ವರ್ಷಕ್ಕೆ ಆಟಿಸಂ ಪತ್ತೆಯಾದರೆ, ಕಪ್ಪು ಮಕ್ಕಳಿಗೆ 7.9 ವರ್ಷಕ್ಕೆ. ವಿಮೆ ಒಂದೇ ಇದ್ದರೂ ಒಂದೂವರೆ ವರ್ಷದ ಅಂತರ. ಅದೇ ತಂಡ 2007ರಲ್ಲಿ ಇನ್ನೊಂದು ವಿಷಯ ತೋರಿಸಿತು. ಮೊದಲ ಭೇಟಿಯಲ್ಲಿ ಕಪ್ಪು ಮಕ್ಕಳಿಗೆ ಆಟಿಸಂ ಬದಲು ಹೊಂದಾಣಿಕೆಯ ತೊಂದರೆ, ನಡತೆಯ ತೊಂದರೆ ಅನ್ನುವ ಹೆಸರು ಬೀಳುವುದು ಜಾಸ್ತಿ. ಅದೇ ಕಿರುಚಾಟ, ಅದೇ ಹಟ. ಒಂದು ಮಗುವಿನಲ್ಲಿ ಅದು ಲಕ್ಷಣ, ಇನ್ನೊಂದು ಮಗುವಿನಲ್ಲಿ ತುಂಟತನ ಆಗಿಬಿಡುತ್ತದೆ.

ಪೋಷಕರು ಗಮನಿಸುವುದೇ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. 2020ರಲ್ಲಿ ಜಾನ್ ಕಾನ್‌ಸ್ಟಾಂಟಿನೋ ತಂಡ 584 ಆಫ್ರಿಕನ್ ಅಮೆರಿಕನ್ ಮಕ್ಕಳ ವಿವರ ಪ್ರಕಟಿಸಿದಾಗ ಈ ಮಾತಿಗೆ ಬುಡವಿಲ್ಲ ಎಂದು ಗೊತ್ತಾಯಿತು. ಆಟಿಸಂ ಪತ್ತೆಯಾದಾಗ ಆ ಮಕ್ಕಳ ಸರಾಸರಿ ವಯಸ್ಸು 64.9 ತಿಂಗಳು, ಅಂದರೆ ಹತ್ತಿರ ಹತ್ತಿರ ಐದೂವರೆ ವರ್ಷ. ತಂದೆ ತಾಯಿಗೆ ಮೊದಲ ಬಾರಿ ಆತಂಕ ಹುಟ್ಟಿ ಆಗಲೇ 42 ತಿಂಗಳು ಕಳೆದಿತ್ತು. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಮನೆಯವರಿಗೆ ಏನೋ ಸರಿಯಿಲ್ಲ ಅನಿಸಿದೆ. ಅವರ ಮಾತನ್ನು ವ್ಯವಸ್ಥೆ ಕಿವಿಗೆ ಹಾಕಿಕೊಳ್ಳಲು ಮೂರೂವರೆ ವರ್ಷ ತೆಗೆದುಕೊಂಡಿದೆ. ಮಾತು, ಆಟ, ಒಡನಾಟ ಕಲಿಸುವ ಥೆರಪಿ ಹೆಚ್ಚು ಫಲ ಕೊಡುವ ವರ್ಷಗಳೂ ಅವೇ.

ಆ ಮೂರೂವರೆ ವರ್ಷ ಎಲ್ಲಿ ಕಳೆದುಹೋಗುತ್ತದೆ? ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ಎಂ-ಚಾಟ್ ಎಂಬ ಪ್ರಶ್ನಾವಳಿ ಇದೆ. 16ರಿಂದ 30 ತಿಂಗಳ ಮಕ್ಕಳ ಪೋಷಕರು ತುಂಬಬೇಕಾದದ್ದು. ಈಗ ಬಳಕೆಯಲ್ಲಿರುವ ರೂಪದಲ್ಲಿ 20 ಪ್ರಶ್ನೆ, ಹೌದು ಅಥವಾ ಇಲ್ಲ ಅನ್ನಬೇಕು. ಮಗುವಿಗೆ ಕಿವಿ ಕೇಳಿಸುವುದಿಲ್ಲವೇನೋ ಅಂತ ನಿಮಗೆ ಎಂದಾದರೂ ಅನಿಸಿದೆಯೇ? ಏನಾದರೂ ಬೇಕಾದಾಗ ಬೆರಳು ತೋರಿಸುತ್ತದೆಯೇ? ಕೇಳಲು ಸರಳ. ಆದರೆ ಅಂಕ ಅನುಮಾನದ ಮಟ್ಟದಲ್ಲಿದ್ದರೆ ಯಾರಾದರೂ ಮತ್ತೆ ಕೂತು ವಿವರವಾಗಿ ವಿಚಾರಿಸಬೇಕು. ಅದು ಎಷ್ಟೋ ಸಲ ನಂತರದ ಒಂದು ಫೋನ್ ಕರೆಯಾಗಿರುತ್ತದೆ. ಪಾಳಿ ಕೆಲಸದಲ್ಲಿರುವ ತಾಯಿ ಆ ಕರೆ ತೆಗೆಯಲು ಆಗುವುದಿಲ್ಲ. ಕರೆ ತೆಗೆದರೂ ಆಚೆಯ ಭಾಷೆ ಅರ್ಥವಾಗದಿದ್ದರೆ ಮುಗಿಯಿತು. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆ ಸುಮಾರು 26,000 ಮಕ್ಕಳಲ್ಲಿ ಈ ಪ್ರಶ್ನಾವಳಿ ಹೇಗೆ ಕೆಲಸ ಮಾಡಿತು ಎಂದು 2019ರಲ್ಲಿ ಪ್ರಕಟಿಸಿತು. ಮುಂದೆ ಆಟಿಸಂ ಪತ್ತೆಯಾದ ಮಕ್ಕಳಲ್ಲಿ 40%ಗಿಂತ ಕಡಿಮೆ ಮಂದಿಯನ್ನು ಮಾತ್ರ ಅದು ಮೊದಲೇ ಹಿಡಿದಿತ್ತು. ಕಡಿಮೆ ವರಮಾನದ ಮನೆಗಳಲ್ಲಿ, ಬಿಳಿಯರಲ್ಲದ ಮನೆಗಳಲ್ಲಿ ಅದರ ಲೆಕ್ಕ ಇನ್ನೂ ತಪ್ಪುತ್ತಿತ್ತು.

ಇನ್ನು ತಜ್ಞರು ಮಾಡುವ ದೊಡ್ಡ ಪರೀಕ್ಷೆ, ಅಡೋಸ್. ಸಂಶೋಧನೆಯಲ್ಲಿ ಇದಕ್ಕೆ ತುಂಬಾ ಮರ್ಯಾದೆ. ಚಿಕ್ಕ ಮಕ್ಕಳಿಗೆ ಅದರಲ್ಲಿ ಒಂದು ಆಟ ಇದೆ. ಬೊಂಬೆಯ ಹುಟ್ಟುಹಬ್ಬ. ಕೇಕ್ ಇದ್ದ ಹಾಗೆ, ಮೇಣದಬತ್ತಿ ಚುಚ್ಚಿದ ಹಾಗೆ, ಹಾಡಿ ಬತ್ತಿ ಊದಿದ ಹಾಗೆ ನಟಿಸಬೇಕು. ಮಗು ಸೇರಿಕೊಳ್ಳುತ್ತದೆಯೇ ಅಂತ ಪರೀಕ್ಷಕರು ನೋಡುತ್ತಾರೆ. ಮೇಣದಬತ್ತಿ ಊದುವ ಹುಟ್ಟುಹಬ್ಬವನ್ನೇ ಕಾಣದ ಮಗು ಸುಮ್ನೆ ನೋಡುತ್ತಾ ಕೂತರೆ ಅದಕ್ಕೆ ಏನು ಅರ್ಥ ಕೊಡಬೇಕು? ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು ಎಂದು ಕಲಿಸಿದ ಮನೆಯ ಮಗುವಿನ ನೋಟವನ್ನು ಹೇಗೆ ಎಣಿಸಬೇಕು? ಅನುಭವ ಇರುವ ಪರೀಕ್ಷಕರು ಇದನ್ನೆಲ್ಲ ಗಮನಿಸಿಯೇ ತೀರ್ಮಾನ ಮಾಡುತ್ತಾರೆ. ಆದರೆ ಆ ಗಮನಕ್ಕೆ ಆಧಾರ ಬೇಕಲ್ವಾ? ಎಲ್ಲ ಬಗೆಯ ಮನೆಗಳ ಮಕ್ಕಳನ್ನು ನೋಡಿ ಕಟ್ಟಿದ ಆಧಾರ.

ಆ ಆಧಾರ ಎಷ್ಟು ತೆಳುವಾಗಿದೆ ಎಂದು ಈಗ ಎಣಿಸಿ ನೋಡಿದ್ದಾರೆ. ಆಟಿಸಂ ಇರುವ ಮಕ್ಕಳಿಗೆ ಯಾವ ಕಲಿಕಾ ವಿಧಾನ ಕೆಲಸ ಮಾಡುತ್ತದೆ ಎನ್ನಲು ಆಧಾರವಾಗಿದ್ದ 408 ಅಧ್ಯಯನಗಳನ್ನು 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ತೆಗೆದು ನೋಡಿತು. ಭಾಗವಹಿಸಿದವರು ಯಾವ ಜನಾಂಗದವರು ಎಂದು ಬರೆದಿದ್ದದ್ದು 17.9% ಅಧ್ಯಯನಗಳಲ್ಲಿ ಮಾತ್ರ. ಬರೆದವುಗಳಲ್ಲೂ 63.5% ಬಿಳಿಯರು, ಕಪ್ಪು ಜನ 7%ಗಿಂತ ಕಡಿಮೆ. 1990ರಿಂದ 2017ರವರೆಗಿನ ಸಾವಿರಕ್ಕೂ ಹೆಚ್ಚು ಲೇಖನಗಳನ್ನು ನೋಡಿದ ಇನ್ನೊಂದು ಪರಿಶೀಲನೆಯಲ್ಲೂ ಈ ವಿವರ ಕೊಟ್ಟಿದ್ದವು ಕಾಲು ಭಾಗ ಮಾತ್ರ. ಮುಕ್ಕಾಲು ಭಾಗ ಸಂಶೋಧಕರಿಗೆ ಇದು ಬರೆಯಬೇಕಾದ ವಿಷಯ ಅಂತಲೇ ಅನಿಸಿಲ್ಲ. ಬರೆದಿದ್ದರೆ ಕೊರತೆಯಾದರೂ ಕಣ್ಣಿಗೆ ಕಾಣುತ್ತಿತ್ತು.

ಇನ್ನೊಂದು ಸೋಸುವಿಕೆ ಇದೆ, ಇದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. 2016ರಲ್ಲಿ ಪ್ರಕಟವಾದ 301 ಆಟಿಸಂ ಅಧ್ಯಯನಗಳನ್ನು ಬ್ರಿಟನ್ನಿನ ಸಂಶೋಧಕರು ಲೆಕ್ಕ ಹಾಕಿದರು. ಅವುಗಳಲ್ಲಿದ್ದ ಆಟಿಸಂ ಇರುವವರಲ್ಲಿ 94% ಮಂದಿಗೆ ಬೌದ್ಧಿಕ ಅಸಾಮರ್ಥ್ಯ ಇರಲಿಲ್ಲ. ಅಧ್ಯಯನಕ್ಕೆ ಬರುವವರು ಸೂಚನೆ ಕೇಳಬೇಕು, ಪರದೆ ನೋಡಿ ಗುಂಡಿ ಒತ್ತಬೇಕು, ಸ್ಕ್ಯಾನರ್ ಒಳಗೆ ಅಲುಗಾಡದೆ ಮಲಗಬೇಕು. ಹಾಗಾಗಿ ಆಗದವರನ್ನು ಮೊದಲೇ ಬಿಟ್ಟುಬಿಡುತ್ತಾರೆ. ಈಗ ಇದರ ಪಕ್ಕದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸಿಡಿಸಿಯ ಅಂಕಿ ಇಡಿ. ಆಟಿಸಂ ಇರುವ 8 ವರ್ಷದ ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬೌದ್ಧಿಕ ಅಸಾಮರ್ಥ್ಯವೂ ಇದೆ. ಬಿಳಿಯ ಮಕ್ಕಳಲ್ಲಿ ಅದು ಮೂರನೇ ಒಂದು ಭಾಗ. ಅಂದರೆ ಜನಾಂಗದ ಹೆಸರೇ ಎತ್ತದ ಒಂದು ನಿಯಮ, ಕಪ್ಪು ಮಕ್ಕಳನ್ನು ಹೆಚ್ಚಾಗಿ ಹೊರಗಿಡುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೂ ಹೆಚ್ಚಿನ ನೆರವು ಬೇಕಾದ ಮಕ್ಕಳ ಬಗ್ಗೆಯೇ ನಮಗೆ ಗೊತ್ತಿರುವುದು ಕಡಿಮೆ.

ಉಪಕರಣವೇ ಹೊರಗಿಡುವುದೂ ಉಂಟು. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಗೆ ತಲೆಗೆ ಒಂದು ಟೋಪಿ ಹಾಕುತ್ತಾರೆ. ಅದರ ಎಲೆಕ್ಟ್ರೋಡ್‌ಗಳು ನೆತ್ತಿಯ ಚರ್ಮಕ್ಕೆ ತಾಗಬೇಕು. ದಟ್ಟವಾದ ಗುಂಗುರು ಕೂದಲು, ಬಿಗಿಯಾಗಿ ಹೆಣೆದ ಜಡೆ ಇದ್ದರೆ ಅವು ಸರಿಯಾಗಿ ತಾಗುವುದಿಲ್ಲ. ಹೆಣೆದ ಜಡೆ ಬಿಚ್ಚಿ ಮತ್ತೆ ಹೆಣೆಯಲು ಗಂಟೆಗಟ್ಟಲೆ ಸಮಯ, ಕೈತುಂಬ ಖರ್ಚು. ಕೊನೆಗೆ ದಾಖಲೆ ಚೆನ್ನಾಗಿ ಬಂದಿಲ್ಲ ಎಂದು ಆ ಮಗುವಿನ ಫಲಿತಾಂಶವನ್ನೇ ಲೆಕ್ಕದಿಂದ ತೆಗೆಯುತ್ತಾರೆ. ಇಂಥ ಕೂದಲಿಗೆ ಹೊಂದುವ ಎಲೆಕ್ಟ್ರೋಡ್‌ಗಳನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತಯಾರಿಸಿದ್ದಾರೆ. ಆಗದ ಕೆಲಸವೇನಲ್ಲ ಇದು.

ವಂಶವಾಹಿ ಸಂಶೋಧನೆಯ ಕಥೆಯೂ ಬೇರೆ ಅಲ್ಲ. ಜನರಲ್ಲಿ ಸಾಮಾನ್ಯವಾಗಿ ಕಾಣುವ ಯಾವ ಜೀನ್ ವ್ಯತ್ಯಾಸಗಳು ಆಟಿಸಂ ಜೊತೆ ಸೇರಿಕೊಂಡಿವೆ ಎಂದು ಹುಡುಕಿದ 2019ರ ಹೆಸರಾಂತ ಅಧ್ಯಯನದಲ್ಲಿ ಆಟಿಸಂ ಇರುವ 18,381 ಮಂದಿಯಿದ್ದರು. ಬಹುಪಾಲು ಡೆನ್ಮಾರ್ಕಿನವರು, ಎಲ್ಲರೂ ಯುರೋಪಿಯನ್ ಮೂಲದವರು. ಇಂಥ ಅಧ್ಯಯನದಿಂದ ಬರುವ ಲೆಕ್ಕಾಚಾರ ಬೇರೆ ಮೂಲದವರಿಗೆ ಅಷ್ಟು ಸರಿಯಾಗಿ ಹೊಂದುವುದಿಲ್ಲ. ಕುಟುಂಬವೊಂದು ಜೀನ್ ಪರೀಕ್ಷೆ ಮಾಡಿಸಿದಾಗ, ಏನೋ ವ್ಯತ್ಯಾಸವಿದೆ ಆದರೆ ಅದರ ಅರ್ಥ ಸ್ಪಷ್ಟವಿಲ್ಲ ಎಂಬ ವರದಿ ಬರುವುದು ಯುರೋಪಿಯನ್ ಮೂಲದವರಲ್ಲದವರಿಗೆ ಜಾಸ್ತಿ. ಹೋಲಿಸಿ ನೋಡಲು ಅವರಂಥವರ ಮಾಹಿತಿ ಸಂಗ್ರಹವಾಗಿಲ್ಲ, ಅಷ್ಟೇ.

ಇದನ್ನೆಲ್ಲ ಕೇಳಿದಾಗ ಸಂಶೋಧಕರು ಹೇಳುವ ಒಂದು ಮಾತಿದೆ. ಈ ಸಮುದಾಯಗಳನ್ನು ತಲುಪುವುದು ಕಷ್ಟ, ಅವರಿಗೆ ನಂಬಿಕೆ ಇಲ್ಲ. ನಂಬಿಕೆ ಯಾಕಿಲ್ಲ ಎಂಬುದಕ್ಕೆ ಇತಿಹಾಸ ಇದೆ. ಅಲಬಾಮಾದ ಟಸ್ಕಿಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರಿಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತಾ ಕೂತಿತ್ತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇದನ್ನು ಮನೆಯ ಹಿರಿಯರಿಂದ ಕೇಳಿದವರು ಸಹಿ ಹಾಕುವ ಮುಂಚೆ ಯೋಚನೆ ಮಾಡಿದರೆ ಅದು ವಿವೇಕ.

ಆದರೆ ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನ್ನಿಯಾಪೊಲಿಸ್‌ನಲ್ಲಿ ನೆಲೆಸಿದ, ಆಫ್ರಿಕಾದ ಸೊಮಾಲಿಯಾ ಮೂಲದ ಸೊಮಾಲಿ ಸಮುದಾಯದ ವಿಷಯದಲ್ಲಿ ನಡೆದದ್ದೇ ಬೇರೆ. ಅಲ್ಲಿ ಜನರೇ ಮೊದಲು ಬಾಗಿಲು ತಟ್ಟಿದರು. ಸುಮಾರು 2008ರ ಹೊತ್ತಿಗೆ ಸೊಮಾಲಿ ತಂದೆ ತಾಯಿಯರು, ವಿಶೇಷ ಶಿಕ್ಷಣದ ತರಗತಿಗಳಲ್ಲಿ ತಮ್ಮ ಮಕ್ಕಳೇ ಇಷ್ಟೊಂದು ಯಾಕಿದ್ದಾರೆ ಎಂದು ಕೇಳತೊಡಗಿದರು. ಅದು ತುಂಬಾ ಒಳ್ಳೆಯ ಪ್ರಶ್ನೆ. ಪೂರ್ತಿ ಅಧ್ಯಯನದ ಉತ್ತರ ಬಂದದ್ದು 2013ರ ಕೊನೆಗೆ. ಸೊಮಾಲಿ ಮಕ್ಕಳಲ್ಲಿ 32ಕ್ಕೆ ಒಬ್ಬರು, ಬಿಳಿಯ ಮಕ್ಕಳಲ್ಲಿ 36ಕ್ಕೆ ಒಬ್ಬರು, ಹೆಚ್ಚುಕಡಿಮೆ ಒಂದೇ. ಆದರೆ ಆಟಿಸಂ ಇರುವ ಸೊಮಾಲಿ ಮಕ್ಕಳಲ್ಲಿ ಬೌದ್ಧಿಕ ಅಸಾಮರ್ಥ್ಯ ತುಂಬಾ ಹೆಚ್ಚಾಗಿ ಕಂಡಿತು.

ಪ್ರಶ್ನೆಗೂ ಉತ್ತರಕ್ಕೂ ನಡುವೆ ಐದು ವರ್ಷ ಹೋಯಿತು. ಆ ಖಾಲಿ ಜಾಗಕ್ಕೆ ಆಂಡ್ರೂ ವೇಕ್‌ಫೀಲ್ಡ್ ಬಂದರು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಅವರ 1998ರ ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತ್ತು. ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವರ ಹೆಸರನ್ನೂ ಅದೇ ವರ್ಷ ತೆಗೆದಿದ್ದರು. ಆದರೂ ಅವರು ಮಿನ್ನಿಯಾಪೊಲಿಸ್‌ಗೆ ಹೋಗಿ ಸೊಮಾಲಿ ಕುಟುಂಬಗಳ ಜೊತೆ ಕೂತು ಮಾತಾಡಿದರು. ಲಸಿಕೆ ವಿರೋಧಿಗಳು ಸಭೆ ನಡೆಸಿದರು. ಮಿನ್ನೆಸೋಟಾದ ಸೊಮಾಲಿ ಮಕ್ಕಳಲ್ಲಿ 2004ರಲ್ಲಿ 92% ಇದ್ದ ಎಂಎಂಆರ್ ಲಸಿಕೆ ಪ್ರಮಾಣ 2014ಕ್ಕೆ 42%ಗೆ ಬಿತ್ತು. 2017ರಲ್ಲಿ ಆ ರಾಜ್ಯದಲ್ಲಿ ದಡಾರ ಹರಡಿ 75 ಮಂದಿಗೆ ತಗುಲಿತು, ಹೆಚ್ಚಿನವರು ಸೊಮಾಲಿ ಮಕ್ಕಳು. ಆ ತಂದೆ ತಾಯಿಯರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅವರು ವಿಜ್ಞಾನವನ್ನೇ ಮೊದಲು ಕೇಳಿದ್ದರು. ಅದು ಮಾಡಿದ ತಡಕ್ಕೆ ಮಕ್ಕಳು ಬೆಲೆ ತೆತ್ತರು.

ಇತ್ತೀಚೆಗೆ ಒಂದು ಬದಲಾವಣೆ ಆಗಿದೆ. ಸಿಡಿಸಿಯ 2020ರ ಲೆಕ್ಕದಲ್ಲಿ ಮೊದಲ ಬಾರಿ ಕಪ್ಪು, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮತ್ತು ಏಷ್ಯನ್ ಮಕ್ಕಳಲ್ಲಿ ಆಟಿಸಂ ಪ್ರಮಾಣ ಬಿಳಿಯ ಮಕ್ಕಳಿಗಿಂತ ಹೆಚ್ಚಾಗಿ ದಾಖಲಾಯಿತು. 2022ರ ಲೆಕ್ಕದಲ್ಲೂ ಹಾಗೇ, ಒಟ್ಟು 31 ಮಕ್ಕಳಿಗೆ ಒಬ್ಬರು. ಇದನ್ನು ನೋಡಿ ಕೆಲವರು ಹೊಸ ಪಿಡುಗು ಬಂತು ಎಂದು ಹೆದರಿದರು. ಹೆದರುವ ಅಗತ್ಯವಿಲ್ಲ. ಇಷ್ಟು ವರ್ಷ ಲೆಕ್ಕಕ್ಕೇ ಸಿಗದ ಮಕ್ಕಳು ಈಗ ಸಿಗುತ್ತಿದ್ದಾರೆ ಅನ್ನುವುದೇ ಇದರಲ್ಲಿ ಮುಖ್ಯವಾದದ್ದು. ಇಂಗ್ಲೆಂಡಿನಲ್ಲಿ 70 ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳ ದಾಖಲೆ ನೋಡಿದ 2021ರ ಅಧ್ಯಯನದಲ್ಲೂ ಕಪ್ಪು ಮಕ್ಕಳಲ್ಲಿ ಪ್ರಮಾಣ ಹೆಚ್ಚಿತ್ತು, ರೋಮಾ ಮತ್ತು ಐರಿಷ್ ಅಲೆಮಾರಿ ಸಮುದಾಯಗಳಲ್ಲಿ ಎಲ್ಲಕ್ಕಿಂತ ಕಡಿಮೆ. ಊರಿಂದೂರಿಗೆ ಹೋಗುವ, ಶಾಲೆ ಬಿಡುವ ಮಕ್ಕಳಲ್ಲಿ ಆಟಿಸಂ ನಿಜವಾಗಿಯೂ ಅಷ್ಟು ಕಡಿಮೆ ಎಂದು ನಂಬುವುದು ನನಗೆ ಕಷ್ಟ. ಈ ಎಣಿಕೆಗಳೆಲ್ಲ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಯಾರಾದರೂ ಬರೆದಿಟ್ಟಿದ್ದನ್ನು ಆಧರಿಸಿದವು. ಪತ್ತೆಯ ಅಂತರ ತುಂಬುತ್ತಿದ್ದರೂ ಹಳೆಯ ಅಧ್ಯಯನಗಳ ಮೇಲೆ ನಿಂತ ಚಿಕಿತ್ಸೆಗಳು ಹಾಗೇ ಇವೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅವರಲ್ಲಿ ಹೆಚ್ಚಿನವರು ಬದುಕುವುದು ಕಡಿಮೆ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ. ಹೆಚ್ಚಿನ ಸಂಶೋಧನೆ ನಡೆಯುವುದು ಶ್ರೀಮಂತ ದೇಶಗಳಲ್ಲಿ. ಆದರೆ ದುಡ್ಡು ಕಡಿಮೆ ಇರುವ ಕಡೆಯಿಂದಲೂ ಒಳ್ಳೆಯ ಕೆಲಸ ಬಂದಿದೆ. ಬ್ರಿಟನ್ನಿನಲ್ಲಿ ಸ್ಪೀಚ್ ಥೆರಪಿಸ್ಟ್‌ಗಳು ಪೋಷಕರಿಗೆ ಕಲಿಸುತ್ತಿದ್ದ ಒಂದು ವಿಧಾನವನ್ನು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದರು. 65 ಮಕ್ಕಳ ಮೇಲೆ ನಡೆದ ಈ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಪೋಷಕರು ಮಗುವಿನ ಆಟಕ್ಕೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು, ಮಕ್ಕಳು ತಾವಾಗಿಯೇ ಮಾತುಕತೆಗೆ ಮುಂದಾಗುವುದು ಹೆಚ್ಚಿತು.

ಅಮೆರಿಕದಲ್ಲಿ ಸ್ಯಾಂಡಿ ಮಗಾನ್ಯಾ ರೂಪಿಸಿದ ಕಾರ್ಯಕ್ರಮವೂ ಇಂಥದ್ದೇ. ಆಟಿಸಂ ಇರುವ ಮಕ್ಕಳನ್ನು ಬೆಳೆಸಿದ ಲ್ಯಾಟಿನಾ ತಾಯಂದಿರೇ ಬೇರೆ ತಾಯಂದಿರಿಗೆ ಅವರ ಭಾಷೆಯಲ್ಲಿ ಕಲಿಸುತ್ತಾರೆ. ಬಾಸ್ಟನ್, ನ್ಯೂ ಹೇವನ್ ಮತ್ತು ಫಿಲಡೆಲ್ಫಿಯಾದಲ್ಲಿ 250 ಕುಟುಂಬಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಬೇರೊಂದು ಪ್ರಯೋಗದಲ್ಲಿ, ಕುಟುಂಬದ ಜೊತೆ ನಿಂತು ಅಪಾಯಿಂಟ್‌ಮೆಂಟ್, ಕಾಗದಪತ್ರ, ಓಡಾಟ ನೋಡಿಕೊಳ್ಳಲು ಒಬ್ಬರನ್ನು ಕೊಟ್ಟರು. ಅಂಥ ಕುಟುಂಬಗಳಲ್ಲಿ ತಪಾಸಣೆ ಅರ್ಧಕ್ಕೆ ನಿಲ್ಲದೆ ಕೊನೆ ಮುಟ್ಟುವುದು ಜಾಸ್ತಿಯಾಯಿತು. ತಲುಪುವುದು ಕಷ್ಟ ಅನ್ನುತ್ತಿದ್ದ ಕುಟುಂಬಗಳೇ ಇವು. ಜೊತೆಗೊಬ್ಬರು ಸಿಕ್ಕಾಗ ಬಂದರು.

ಅಮೆರಿಕದಲ್ಲಿ ಸರ್ಕಾರಿ ದುಡ್ಡಿನ ವೈದ್ಯಕೀಯ ಪ್ರಯೋಗಗಳಲ್ಲಿ ಅಲ್ಪಸಂಖ್ಯಾತರನ್ನು ಸೇರಿಸಬೇಕು ಎಂಬ ಕಾನೂನು 1993ರಿಂದಲೇ ಇದೆ. ಕಾನೂನಿದ್ದೂ ಮೇಲಿನ ಅಂಕಿಗಳು ಬಂದಿವೆ. ಹಾಗಾಗಿ ನನ್ನ ಒತ್ತಾಯ ಬಜೆಟ್ ಮೇಲೆ. ಸ್ಕ್ಯಾನರ್ ಬಳಕೆಗೆ ಗಂಟೆಗೆ ಇಷ್ಟು ಎಂದು ಅನುದಾನದ ಅರ್ಜಿಯಲ್ಲಿ ಬರೆಯುತ್ತಾರೆ. ಅದೇ ಸಾಲಿನಲ್ಲಿ ದುಭಾಷಿಗೆ, ಸಂಜೆ ಮತ್ತು ವಾರಾಂತ್ಯದ ಸಿಬ್ಬಂದಿಗೆ, ಕುಟುಂಬ ಕಳೆದುಕೊಳ್ಳುವ ಕೂಲಿಗೆ, ಉಳಿದ ಮಕ್ಕಳನ್ನು ನೋಡಿಕೊಳ್ಳುವವರಿಗೆ ಇಷ್ಟು ಎಂದೂ ಬರೆಯಬೇಕು. ಪ್ರಶ್ನೆ ರೂಪಿಸುವ ಹಂತದಲ್ಲೇ ಆ ಸಮುದಾಯದ ತಂದೆ ತಾಯಿಯರನ್ನು, ಆಟಿಸಂ ಇರುವ ದೊಡ್ಡವರನ್ನು ಸಂಬಳ ಕೊಟ್ಟು ಸೇರಿಸಿಕೊಳ್ಳಬೇಕು. ಭಾಗವಹಿಸಿದವರ ಜನಾಂಗ, ಭಾಷೆ, ವರಮಾನದ ವಿವರ ಇಲ್ಲದ ಲೇಖನವನ್ನು ಪತ್ರಿಕೆಗಳು ಸಂಪಾದಕರ ಮೇಜಿನಿಂದಲೇ ವಾಪಸ್ ಕಳಿಸಬೇಕು. ಬೌದ್ಧಿಕ ಅಸಾಮರ್ಥ್ಯ ಇರುವವರನ್ನು ಬಿಟ್ಟಿದ್ದರೆ ಯಾಕೆ ಬಿಟ್ಟೆವು ಎಂದು ಕಾರಣ ಕೊಡುವಂತೆ ಕೇಳಬೇಕು.